ಪುಕ್ಕಲು ಮೇಷ್ಟ್ರ ವರ್ಜೀನಿಯಾ

ನಮ್ಮ ಇತಿಹಾಸದ ಮೇಷ್ಟ್ರ ಬಲಗೈ ನಡುಗುತ್ತಿತ್ತು. ಸೀಮೆಸುಣ್ಣ ಹಿಡಿದು ಬೋರ್ಡಿನ ಮೇಲೆ ಅಮೆರಿಕದ ಪೂರ್ವ ಕರಾವಳಿ ಎಳೆದರೆ ಗೆರೆ ಗರಗಸದ ಹಲ್ಲಿನ ಹಾಗೆ ಬರುತ್ತಿತ್ತು. ನಾವು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು. ಮುಂದೆ ದೊಡ್ಡ ಅಟ್ಲಾಸ್ ನೋಡಿದಾಗ ಗೊತ್ತಾಯಿತು, ಆ ಕರಾವಳಿ ಇರುವುದೇ ಹಾಗೆ. ನೀಟಾಗಿ ಗೆರೆ ಎಳೆಯುತ್ತಿದ್ದ ಭೂಗೋಳದ ಮೇಷ್ಟ್ರೇ ನಮಗೆ ತಪ್ಪು ಕಲಿಸಿದ್ದರು.

ಆ ನಡುಕ ಕಾಯಿಲೆಯದಲ್ಲ, ಹೆದರಿಕೆಯದು. ಎಪ್ಪತ್ತರ ದಶಕದ ನಮ್ಮೂರು ನ್ಯಾಮತಿಯಲ್ಲಿ ಅವರಷ್ಟು ಹೆದರುವ ಗಂಡಸನ್ನು ನಾನು ನೋಡಿಲ್ಲ. ನಾಯಿ ಕಂಡರೆ ಭಯ, ಗುಡುಗಿದರೆ ಭಯ, ಹೆಡ್‌ಮಾಸ್ಟರು ಕೆಮ್ಮಿದರೆ ಭಯ. ಹಿಂದಿನಿಂದ ಬಸ್ಸು ಹಾರನ್ ಮಾಡಿದರೆ ಸೈಕಲ್ ಸಮೇತ ಚರಂಡಿಗೆ ಇಳಿದುಬಿಡುತ್ತಿದ್ದರು. ಹುಡುಗರು ಅವರನ್ನು ಪುಕ್ಕಲು ಮೇಷ್ಟ್ರು ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು, ಬೇಸರ ಮಾಡಿಕೊಂಡದ್ದು ಮಾತ್ರ ಕಾಣೆ.

ಆದರೆ ಅಮೆರಿಕದ ವರ್ಜೀನಿಯಾದಲ್ಲಿ ಇಂಗ್ಲಿಷರು ಹೂಡಿದ ವಸಾಹತಿನ ಪಾಠ ಬಂದರೆ ಅವರು ಬೇರೆಯೇ ಮನುಷ್ಯರಾಗುತ್ತಿದ್ದರು. ಪುಸ್ತಕದಲ್ಲಿ ಅದು ಒಂದೂವರೆ ಪುಟ. ಇವರು ಎರಡು ವಾರ ಎಳೆಯುತ್ತಿದ್ದರು.

"ಧೈರ್ಯಶಾಲಿಗಳು ಹಡಗು ಹತ್ತಿದರು ಅಂತ ಪುಸ್ತಕದಾಗೆ ಐತೆ. ಸುಳ್ಳು ಕಣ್ರೋ. ಎಲ್ರೂ ಹೆದರ್ಕೊಂಡೇ ಹತ್ತಿದ್ರು. ಇಲ್ಲಿದ್ರೆ ಹಸಿವು, ಅಲ್ಲಿ ಏನೈತೋ ಗೊತ್ತಿಲ್ಲ. ಗೊತ್ತಿಲ್ಲದ್ದೇ ವಾಸಿ ಅಂದ್ಕೊಂಡು ಹೋದ್ರು," ಎನ್ನುತ್ತಿದ್ದರು.

ಅವರ ಪಾಠದ ರೀತಿ ಹೀಗಿತ್ತು. ಸೀಮೆಸುಣ್ಣದ ಖಾಲಿ ಡಬ್ಬಿಯಲ್ಲಿ ಚೀಟಿಗಳನ್ನು ಹಾಕಿ ತರುತ್ತಿದ್ದರು. ನಾವು ಒಬ್ಬೊಬ್ಬರೇ ಎತ್ತಬೇಕು. ಒಬ್ಬ ಗವರ್ನರ್, ಒಬ್ಬ ಬಡಗಿ, ಒಂದಷ್ಟು ಜನ ಕೈಗೆ ಮಣ್ಣು ಮೆತ್ತಿಸಿಕೊಳ್ಳದ ದೊಡ್ಡ ಮನುಷ್ಯರು. ನನಗೆ ಬಂದದ್ದು ಕರಾರಿನ ಆಳು. ಹಡಗಿನ ಚಾರ್ಜು ಧಣಿ ಕೊಟ್ಟಿದ್ದಾನೆ, ಅದಕ್ಕೆ ಏಳು ವರ್ಷ ಅವನ ಹೊಲದಲ್ಲಿ ದುಡಿಯಬೇಕು, ನಡುವೆ ಬಿಟ್ಟು ಹೋಗುವಂತಿಲ್ಲ, ಕೇಳದೆ ಮದುವೆಯೂ ಆಗುವಂತಿಲ್ಲ. ನಾನು ಮುಖ ಊದಿಸಿಕೊಂಡೆ. ದೊಡ್ಡ ಮನುಷ್ಯರು ಬಿತ್ತನೆ ಬಿಟ್ಟು ಚಿನ್ನ ಹುಡುಕುತ್ತ ಶಾಲೆಯ ಹಿಂದಿನ ಬಯಲನ್ನೆಲ್ಲ ಕೆದಕಿದರು.

ಮರುದಿನ ಮೇಷ್ಟ್ರು ಅದೇ ಡಬ್ಬಿ ಹಿಡಿದು ಬಂದು ಮೆಲ್ಲಗೆ ಹೇಳಿದರು: "ಮೊದಲನೇ ಚಳಿಗಾಲ ಬಂತು."

ಈ ಸಲದ ಚೀಟಿಗಳಲ್ಲಿ ಅರ್ಧ ಖಾಲಿ, ಅರ್ಧಕ್ಕೆ ಕತ್ತರಿ ಗುರುತು. ಕತ್ತರಿ ಬಂದವರು ಹಸಿವಿಗೋ ಜ್ವರಕ್ಕೋ ಸತ್ತಂತೆ. ನನ್ನದಕ್ಕೆ ಕತ್ತರಿ ಇತ್ತು. ಮೇಷ್ಟ್ರು ಬೋರ್ಡಿನ ಎಡಗಡೆ 'ತೀರಿಕೊಂಡವರು' ಎಂದು ಬರೆದು ಕೆಳಗೆ ನಮ್ಮ ಹೆಸರುಗಳನ್ನು ಸಾಲಾಗಿ ಬರೆದರು.

"ಸತ್ತೋರು ಹಿಂದಿನ ಬೆಂಚು. ಮಾತಾಡಂಗಿಲ್ಲ, ಕೈ ಎತ್ತಂಗಿಲ್ಲ. ಉಳಿದೋರು ಹೆಂಗೆ ಸರ್ಕಾರ ನಡೆಸ್ತಾರೆ ಅಂತ ನೋಡ್ತಾ ಕೂತ್ಕೊಳ್ರಿ."

ಉಳಿದವರು ಪ್ರತಿನಿಧಿಗಳನ್ನು ಆರಿಸಿದರು, ಸಭೆ ಸೇರಿದರು, ಹೊಗೆಸೊಪ್ಪಿಗೆ ಒಳ್ಳೆಯ ಬೆಲೆ ಎಂದು ಗೊತ್ತಾದ ಮೇಲೆ ಜೋಳ ಬಿಟ್ಟು ಬೀದಿಯಲ್ಲೂ ಅದನ್ನೇ ನೆಟ್ಟರು. ಕರಾರಿನ ಆಳುಗಳಿಗೆ ಓಟು ಬೇಕೇ ಬೇಡವೇ ಎಂದು ಜಗಳವಾಡಿ ಬೇಡ ಎಂದರು. ಸತ್ತ ನಾನು ಹಲ್ಲು ಕಡಿಯುತ್ತ ನೋಡುತ್ತಿದ್ದೆ. ಸರ್ಕಾರ ಎಂದರೆ ಏನು ಎಂಬುದನ್ನು ನಾನು ಕಲಿತದ್ದು ಆ ಹಿಂದಿನ ಬೆಂಚಿನಲ್ಲಿ.

ಅದೇ ಶನಿವಾರ ನನಗೆ ಜ್ವರ ಬಂತು. ಇಳಿಯಲಿಲ್ಲ. ಡಾಕ್ಟರು ಟೈಫಾಯಿಡ್ ಎಂದರು, ಕ್ಯಾಪ್ಸೂಲ್ ಕೊಟ್ಟರು. ವಾರ ಕಳೆಯಿತು. ನಾಲಿಗೆ ಒಣಗಿ ಮಾತು ನಿಂತಿತು. ಅಷ್ಟರಲ್ಲಿ ಶಾಲೆಯ ಜವಾನ ಬಂದು ಬೋರ್ಡಿನ ವಿಷಯ ನಮ್ಮ ಅಜ್ಜಿಗೆ ಮುಟ್ಟಿಸಿದ. ಅಜ್ಜಿ ಮೇಷ್ಟ್ರಿಗೆ ಹೇಳಿಕಳಿಸಿದಳು. ನಾನು ಒಳಗೆ ಮಲಗಿದ್ದೆ, ಬಾಗಿಲಲ್ಲಿ ಅವರ ಕಾಲುಗಳು ಮಾತ್ರ ಕಾಣುತ್ತಿದ್ದವು.

"ಬದುಕಿರೋ ಕೂಸಿನ ಹೆಸ್ರು ಸತ್ತೋರ ಸಾಲಿನಾಗೆ ಬರೆದ್ರಂತಲ್ಲ ಮೇಷ್ಟ್ರೇ?"

"ಪಾಠಕ್ಕೆ ಬರೆದಿದ್ದು, ಅಜ್ಜೀ..."

"ಪಾಠಕ್ಕೋ ಆಟಕ್ಕೋ, ಯಮನಿಗೇನು ಕನ್ನಡ ಓದಾಕೆ ಬರಲ್ವಾ?"

ಅಲ್ಲಿಯವರೆಗೆ ಜ್ವರ ಎಂದುಕೊಂಡಿದ್ದೆ, ಅಜ್ಜಿಯ ಮಾತು ಕೇಳಿ ಸಾವು ಎಂದು ಗೊತ್ತಾಯಿತು. ನನಗಿನ್ನೂ ಹದಿನಾಲ್ಕು ವರ್ಷ.

ನಮ್ಮ ಕಡೆ ಒಂದು ಪದ್ಧತಿ ಇದೆ. ಕಾಗೆ ತಲೆಗೆ ಬಡಿದರೆ, ಬಡಿಸಿಕೊಂಡವರು ಸತ್ತರೆಂದು ಹತ್ತಿರದ ನೆಂಟರಿಗೆ ಸುಳ್ಳು ಸುದ್ದಿ ಕಳಿಸುತ್ತಾರೆ. ಅವರು ನಿಜವೆಂದು ನಂಬಿ ಒಂದು ಸಲ ಅತ್ತುಬಿಟ್ಟರೆ ಗಂಡಾಂತರ ಕಳೆಯಿತು ಎಂದು ಲೆಕ್ಕ. ಅಜ್ಜಿ ಬೋರ್ಡಿಗೂ ಅದೇ ಮದ್ದು ಎಂದು ತೀರ್ಮಾನಿಸಿದಳು.

"ಬರೆದ ಕೈ ನಿಮ್ದು, ಹೇಳೋ ಬಾಯೂ ನಿಮ್ದೇ ಆಗ್ಬೇಕು. ಗೋವಿನಕೋವಿನಾಗೆ ಇವಳ ಸೋದರಮಾವ ಅದಾನೆ. ಹೋಗಿ, ಕೂಸು ಹೋಯ್ತು ಅನ್ರಿ. ಅವರು ಚೆನ್ನಾಗಿ ಅಳ್ಲಿ. ಆಮೇಲೆ, ಸುಳ್ಳು ಕಣ್ರಪ್ಪಾ, ಶಾಸ್ತ್ರಕ್ಕೆ ಹೇಳಿದ್ದು ಅಂತ ಹೇಳಿ ಬನ್ರಿ."

ಇಸವಿ ಒಂದು ತಪ್ಪು ಹೇಳಿದರೂ ಮರುದಿನ ಕ್ಷಮೆ ಕೇಳುತ್ತಿದ್ದ ಮನುಷ್ಯ ಅವರು. ಬಾಗಿಲಲ್ಲಿ ಆ ಕಾಲುಗಳು ಒಂದು ಹೆಜ್ಜೆ ಹಿಂದೆ ಸರಿದವು, ಮತ್ತೆ ಮುಂದೆ ಬಂದವು. "ಆಯ್ತು ಅಜ್ಜೀ, ಬೆಳಿಗ್ಗೆ ಹೋಗ್ತೀನಿ," ಎಂದರು.

ಮರುದಿನ ಮಧ್ಯಾಹ್ನ ನಾನು ಕಣ್ಣು ಮುಚ್ಚಿ ಮಲಗಿದ್ದಾಗ ಬೀದಿಯ ತುದಿಯಿಂದ ಅಳು ಕೇಳಿಸಿತು. ಹತ್ತಿರ ಹತ್ತಿರ ಬಂತು. ಅದು ಗೋವಿನಕೋವಿಯ ನಮ್ಮ ಅತ್ತೆಯ ದನಿ. "ಅಯ್ಯೋ ನನ್ನ ಬಂಗಾರಾ, ಹೋಗ್ಬಿಟ್ಯೇನೇ!" ಎಂದು ನನ್ನ ಹೆಸರು ಹಿಡಿದು ಅಳುತ್ತಿದ್ದಳು. ಹೊಸಲಿನ ಆಚೆ ಮಾವ, ಕೈಯಲ್ಲಿ ದೊಡ್ಡ ಹೂವಿನ ಹಾರ. ನಾನು ಸತ್ತೇ ಹೋಗಿದ್ದೇನೆ ಎಂದುಕೊಂಡೆ. ಸತ್ತವರಿಗೂ ಹೀಗೆ ಎಲ್ಲ ಕೇಳಿಸುತ್ತದೆ, ಹಿಂದಿನ ಬೆಂಚಿನ ಹಾಗೆ, ಮಾತಾಡುವಂತಿಲ್ಲ ಅಷ್ಟೇ. ಕೂಗಲು ಬಾಯಿ ತೆರೆದೆ, ದನಿ ಬರಲಿಲ್ಲ. ಬೆರಳು ಕಚ್ಚಿಕೊಂಡೆ. ನೋವಾಯಿತು, ಆದರೂ ನಂಬಿಕೆ ಬರಲಿಲ್ಲ. ಅಂಥ ಭಯ ಮತ್ತೆಂದೂ ನನಗೆ ಆಗಿಲ್ಲ.

ಅವ್ವ ಹೊರಗೆ ಓಡಿದಳು. "ಇಲ್ಲ ಕಣಣ್ಣಾ, ಬದುಕವಳೆ! ಮೇಷ್ಟ್ರು ಹೇಳ್ಲಿಲ್ವಾ?"

ಮೇಷ್ಟ್ರು ಮೊದಲನೆಯ ಮಾತು ಹೇಳಿದ್ದರು. ಎರಡನೆಯದನ್ನು ಹೇಳದೆ ಎದ್ದು ಹೊರಟುಬಿಟ್ಟಿದ್ದರಂತೆ. ಮಾವ ಹಾರವನ್ನು ಚರಂಡಿಗೆ ಎಸೆದು, "ಎಲ್ಲವನೆ ಆ ಪುಕ್ಕಲ? ಎರಡು ಮಾತು ಹೇಳಾಕೆ ಕಳಿಸಿದ್ರೆ ಒಂದು ನುಂಗ್ಕೊಂಡ!" ಎಂದು ಕೂಗಾಡಿದ. ಅಜ್ಜಿಗೆ ಮಾತ್ರ ಸಮಾಧಾನ. "ಬಿಡಪ್ಪಾ, ಮನಸಾರೆ ಅತ್ರಲ್ಲ, ಅಷ್ಟು ಸಾಕು," ಎಂದಳು.

ಹೊತ್ತು ಇಳಿಯುವಾಗ ನಾನು ಬೆವತೆ. ಜ್ವರ ಬಿಟ್ಟಿತು. ಅಜ್ಜಿ ತನ್ನ ಶಾಸ್ತ್ರ ಎಂದಳು, ಅಪ್ಪ ಕ್ಯಾಪ್ಸೂಲು ಎಂದ. ಮೇಷ್ಟ್ರಿಗೆ ಸಿಕ್ಕಿದ್ದು ಬೈಗುಳ ಮಾತ್ರ. ಸಂತೆಯಲ್ಲಿ ಕಂಡವರೆಲ್ಲ, "ಮೇಷ್ಟ್ರೇ, ಎರಡನೇ ಮಾತು ನೆನಪಾಯ್ತಾ?" ಎಂದು ವರ್ಷಗಟ್ಟಲೆ ಆಡಿಕೊಂಡರು. ಅವರು ತಲೆ ತಗ್ಗಿಸಿ ನಡೆಯುತ್ತಿದ್ದರು. ಡಬ್ಬಿಯನ್ನು ಮತ್ತೆಂದೂ ತರಲಿಲ್ಲ. ಮುಂದಿನ ತರಗತಿಗಳಿಗೆ ವರ್ಜೀನಿಯಾ ಒಂದೂವರೆ ಪುಟಕ್ಕೇ ಮುಗಿಯಿತು. ನಾನೂ ಅವರನ್ನು ಆಡಿಕೊಂಡವರಲ್ಲಿ ಒಬ್ಬಳು, ಈಗ ನೆನೆದರೆ ನಾಚಿಕೆಯಾಗುತ್ತದೆ.

ಎಂಬತ್ತರ ದಶಕದಲ್ಲಿ ನಾನೇ ಚನ್ನಗಿರಿಯಲ್ಲಿ ಇತಿಹಾಸ ಕಲಿಸಲು ಸೇರಿದೆ. ಮೇಷ್ಟ್ರು ರಿಟೈರಾಗಿ ಹೊನ್ನಾಳಿಯ ಮಗಳ ಮನೆಯಲ್ಲಿದ್ದರು. ಅವರು ತೀರಿಕೊಳ್ಳುವ ಎರಡು ತಿಂಗಳ ಮುಂಚೆ ನೋಡಲು ಹೋಗಿದ್ದೆ. ಮಂಚದ ಮೇಲೆ ಕೈ ಈಗ ನಿಜವಾದ ಕಾಯಿಲೆಗೆ ನಡುಗುತ್ತಿತ್ತು. ಮಾತಿಗೆ ಮಾತು ಬಂದು ಕೇಳಿದೆ: "ಅವತ್ತು ಎರಡನೇ ಮಾತು ಯಾಕೆ ಹೇಳ್ಲಿಲ್ಲ ಸಾರ್? ಹೆದರಿಕೆ ಆಯ್ತಾ?"

"ಬಸ್ಸು ಹತ್ತೋ ಮುಂಚೆ ಡಾಕ್ಟ್ರ ಹತ್ರ ಹೋಗಿದ್ದೆ ಕಣವ್ವಾ. ಈ ಸಂಜೆ ದಾಟೋದು ಕಷ್ಟ, ಅವರಪ್ಪಗೆ ಹೆಂಗೆ ಹೇಳೋದೋ ತಿಳೀತಿಲ್ಲ ಅಂದ್ರು. ಸಂಜೆ ತನಕ ಹೇಳ್ಬೇಡ್ರಿ, ಅಲ್ಲೀ ತನಕನಾದ್ರೂ ಅವರು ನೆಮ್ಮದಿಯಾಗಿರ್ಲಿ ಅಂತ ನಾನೇ ಕೈ ಮುಗಿದೆ. ಗೋವಿನಕೋವಿನಾಗೆ ಎಲ್ರೂ ಅಳಾಕೆ ಹತ್ತಿದ್ರು. ಸುಳ್ಳು ಅನ್ನಾಕೆ ಬಾಯಿ ತೆರೆದೆ. ಸುಳ್ಳು ಅಂತ ನಂಗೇ ಗೊತ್ತಿರ್ಲಿಲ್ವಲ್ಲ."

"ಇಷ್ಟು ವರ್ಷ ಯಾರಿಗೂ ಹೇಳ್ಲಿಲ್ವಲ್ಲ ಸಾರ್. ಎಷ್ಟು ಜನ ನಕ್ರು!"

"ನೀನು ಬದುಕಿದ ಮೇಲೆ ಹೇಳಿ ಏನ್ಮಾಡೋದು? ನಿಮ್ಮಪ್ಪ ಹೆದರ್ಕೊಳ್ಳೋರು."

ಅವತ್ತು ಅವರು ಗೋವಿನಕೋವಿಯಿಂದ ನ್ಯಾಮತಿಗೆ ನಡೆದೇ ಬಂದಿದ್ದರು. ಬಸ್ಸು ಬಂದರೂ ಕೈ ಮಾಡಲಿಲ್ಲವಂತೆ, ಬೇಗ ತಲುಪಿಬಿಡುತ್ತೇನಲ್ಲ ಎಂಬ ಹೆದರಿಕೆ. ನನ್ನ ಸಾವನ್ನು ಒಂದಿಡೀ ದಿನ ಒಬ್ಬರೇ ಹೊತ್ತುಕೊಂಡು, ಬಿಸಿಲಲ್ಲಿ, ಆದಷ್ಟು ನಿಧಾನವಾಗಿ.

"ದೀಪ ಹಚ್ಚೋ ಹೊತ್ತಿಗೆ ನಿಮ್ಮ ಬೀದಿ ತಿರುವು ಬಂತು, ಮುಂದೆ ಹೆಜ್ಜೆ ಇಡಾಕೆ ಆಗ್ಲಿಲ್ಲ. ನಿಂತೆ. ಆಗ ನಿಮ್ಮಜ್ಜಿ ದನಿ ಕೇಳ್ತು. ಗಂಜಿ ಕುಡಿತೀಯೋ ಇಲ್ಲಾ ಮೂಗು ಹಿಡಿದು ಹುಯ್ಲೋ ಅಂತ ನಿನ್ನ ಬೈತಿದ್ರು. ಸತ್ತೋರನ್ನ ಯಾರೂ ಹಂಗೆ ಬೈಯಲ್ಲ ಕಣವ್ವಾ. ಅಲ್ಲೇ ಚರಂಡಿ ಕಟ್ಟೆ ಮೇಲೆ ಕೂತು ಅತ್ತೆ. ಆಮೇಲೆ ಮನೆಗೆ ಹೋಗಿ ಊಟ ಮಾಡ್ದೆ."