ನೀರು ಕೇಳುವ ಅಂಬುಬಾಯಿ

ಬೆಳಿಗ್ಗೆ ಆರೂವರೆ. ಕೊಡಂಬಲದ ಓಣಿಯೊಂದರಲ್ಲಿ ಅಂಬುಬಾಯಿ ಬಾಗಿಲು ತಟ್ಟಿ ನೀರು ಕೇಳುತ್ತಾರೆ. ಮೈ ನಡುಗಿಸುವ ಚಳಿ, ಬಾಯಾರುವ ಹೊತ್ತೇನಲ್ಲ. ತಂಬಿಗೆ ಹಿಡಿದು ಬಂದ ಮುದುಕಿಯ ಮುಖ ನೋಡಿ, ನಾಲ್ಕು ಗುಟುಕು ಕುಡಿದು ಮುಂದೆ ನಡೆಯುತ್ತಾರೆ. ಅವರಿಗೆ ಬೇಕಾದವರು ಆಕೆಯಲ್ಲ.

"ನೀರ ಕೇಳಿದ್ರ ಯಾಕ ಬಂದಿ ಅಂತ ಯಾರೂ ಕೇಳಂಗಿಲ್ರಿ. ತಂದವರು ನನ್ನ ಮಂದಿ ಇದ್ರ ಗುಳಿಗಿ ಮಾತು. ಇಲ್ಲಂದ್ರ ಬರೇ ನೀರು."

"ನನ್ನ ಮಂದಿ" ಎಂದರೆ ಎಚ್‌ಐವಿಗೆ ದಿನವೂ ಗುಳಿಗೆ ನುಂಗುವವರು. ಹುಮನಾಬಾದ್, ಚಿಟಗುಪ್ಪ, ಬಸವಕಲ್ಯಾಣದ ಸುತ್ತ ಇಂಥ ಮೂವತ್ತೆಂಟು ಜನ ಅಂಬುಬಾಯಿಯ ಪಾಲಿಗಿದ್ದಾರೆ. ಗುಳಿಗೆ ಒಯ್ಯುವ ತಾರೀಖು ತಪ್ಪಿಸಿದವರನ್ನು ಹುಡುಕಿ ಚಿಕಿತ್ಸಾ ಕೇಂದ್ರಕ್ಕೆ ಕರೆತರುವುದು ಅವರ ಕೆಲಸ. ದಿನಕ್ಕೆ ಮೂರು ಊರು, ಹತ್ತು ಹನ್ನೆರಡು ಬಾಗಿಲು. ಚೀಲದಲ್ಲಿರುವ ಪುಸ್ತಕದಲ್ಲಿ ಬರೀ ನಂಬರುಗಳಿವೆ. ಯಾವ ನಂಬರು ಯಾವ ಮನೆ ಎಂಬುದು ತಲೆಯಲ್ಲೇ ಇರಬೇಕು, ಎಲ್ಲೂ ಬರೆಯುವಂತಿಲ್ಲ.

ಆ ತಲೆಯೇ ಒಮ್ಮೆ ಕೈಕೊಟ್ಟಿತು. ನಲವತ್ತೇಳರ ಅಂಬುಬಾಯಿಗೂ ಎಚ್‌ಐವಿ ಇದೆ. ಜೊತೆಗೆ ಲಿವರಿಗೆ ಹೆಪಟೈಟಿಸ್ ಸಿ ಕೂಡ ಸೇರಿಕೊಂಡಿತ್ತು. ಹೇಗೆ ಬಂತು ಎಂದರೆ, "ತಿಳಕೊಂಡು ಏನ ಮಾಡತೀರಿ?" ಎಂದು ನನ್ನ ಬಾಯಿ ಮುಚ್ಚಿಸುತ್ತಾರೆ. ನಾಲ್ಕು ವರ್ಷದ ಹಿಂದೆ ಚಿಟಗುಪ್ಪದಲ್ಲಿ ಮನೆ ತಪ್ಪಿ, ಪಕ್ಕದ ಬಾಗಿಲಲ್ಲಿ ನಿಂತು ಒಬ್ಬಾಕೆಯ ಹೆಸರು ಹಿಡಿದು ಗುಳಿಗೆಯ ಮಾತೆತ್ತಿಬಿಟ್ಟರು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ತವರಿಗೆ ಹೋದ ಆಕೆ ಏಳು ತಿಂಗಳು ಗುಳಿಗೆ ಮುಟ್ಟಲಿಲ್ಲ.

"ಯಾರೂ ನನಗ ಬೈಲಿಲ್ರಿ. ನಾನೇ ಹೋಗಿ ಹೇಳಿದೆ, ನನ್ನ ತಲಿ ಕೈ ಕೊಡಾಕತ್ತದ, ತಪಾಸ ಮಾಡ್ರಿ ಅಂತ."

ಕೇಂದ್ರದ ಆಪ್ತಸಮಾಲೋಚಕಿ ಜಯಮಾಲಾ ನಾಲ್ಕು ಪದ ಹೇಳಿದರು: ನಾಯಿ, ಟೊಪ್ಪಿಗೆ, ತೊಗರಿ, ಕೆಂಪು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಾಗ ಅಂಬುಬಾಯಿಗೆ ತೊಗರಿ ಮಾತ್ರ ನೆನಪಿತ್ತು. ವರ್ಷಗಟ್ಟಲೆ ಕೂಲಿಗೆ ತೊಗರಿ ಕೊಯ್ದವರು, ಅದನ್ನು ಹೇಗೆ ಮರೆತಾರು? ಎರಡು ವೈರಸ್ ಒಟ್ಟಿಗಿದ್ದರೆ ನೆನಪು, ಗಮನ ಎರಡೂ ಸವೆಯಬಹುದು, ಹಳೆಯ ಗುಳಿಗೆಯೊಂದೂ ಮಂಕು ಕವಿಸುತ್ತಿರಬಹುದು ಎಂದರು ವೈದ್ಯರು. ಆ ಗುಳಿಗೆ ಬದಲಾಯಿತು. ಮೂರು ತಿಂಗಳ ಔಷಧಿಗೆ ಲಿವರಿನ ವೈರಸ್ ಹೋಯಿತು. ಮರೆವು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ನೀರು ಕೇಳುವ ಉಪಾಯ ಶುರುವಾದದ್ದು ಆಗಲೇ. ಹಾದಿ ಹುಡುಕಿ ತವರಿಗೆ ಹೋಗಿ, ಬೈಸಿಕೊಂಡು, ಆ ಹೆಂಗಸನ್ನು ಮತ್ತೆ ಗುಳಿಗೆಗೆ ಕರೆತಂದದ್ದೂ ಅಂಬುಬಾಯಿಯೇ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಈ ಮಾತು ಕೇಳಿ.

ಆರು ತಿಂಗಳಿಗೊಮ್ಮೆ ಈಗಲೂ ಪರೀಕ್ಷೆ ಇದೆ, ಪ್ರತಿ ಸಲ ಹೊಸ ಪದಗಳು. ಎರಡಕ್ಕಿಂತ ಕಡಿಮೆ ನೆನಪಾದರೆ ತಾವೇ ಕೆಲಸ ಬಿಡುವುದಾಗಿ ಜಯಮಾಲಾಗೆ ಮಾತು ಕೊಟ್ಟಿದ್ದಾರೆ. ಕಳೆದ ಸೋಮವಾರ ಮೂರು ನೆನಪಾದವು.

ಪತ್ರಿಕೆಗೆ ಒಂದು ಫೋಟೊ ಕೇಳಿದೆ.

"ಬ್ಯಾಡ್ರಿ. ನನಗೇನ ನಾಚಿಕಿ ಇಲ್ಲ. ಆದರ ನನ್ನ ಮಾರಿ ಪೇಪರ್‌ನ್ಯಾಗ ಬಂದ್ರ, ನಾ ನಿಂತ ಬಾಗಲಾ ಎಲ್ಲಾ ಮಂದಿ ಎಣಸ್ತಾರ."

ಹಾಗಾಗಿ ಇಲ್ಲಿ ಫೋಟೊ ಇಲ್ಲ. ಅಂಬುಬಾಯಿ ಎಂಬುದು ಅವರ ಹೆಸರಲ್ಲ; ಬಾಗಿಲಲ್ಲಿ ಅವರು ಕೇಳುವುದು ನೀರೂ ಅಲ್ಲ. ಇಷ್ಟು ದುಡಿದದ್ದು ಯಾರಿಗೂ ತಿಳಿಯದೆ ಹೋಗುತ್ತದಲ್ಲ ಎಂದೆ.

"ಮೂವತ್ತೆಂಟ ಮಂದಿಗಿ ಗೊತ್ತದ್ರಿ," ಎಂದರು. "ಅವರೂ ಯಾರ ಮುಂದ ಹೇಳಂಗಿಲ್ಲ."