ಕೆಂಚಯ್ಯ ಮಡಚಿಟ್ಟರೂ ಮರೆಯಾಗದ ಸುದ್ದಿ

ಹುಲಿಕೆರೆಯ ಕಲ್ಯಾಣಿಯ ಮೇಲೆ ಇನ್ನೂ ಮಂಜು. ಡೈರಿಗೆ ಹಾಲು ಹಾಕಿದವರು ಖಾಲಿ ಕ್ಯಾನು ಹಿಡಿದು ಪಂಚಾಯಿತಿ ಗ್ರಂಥಾಲಯದತ್ತ ಬರುವ ಹೊತ್ತಿಗೆ ಮೇಲ್ವಿಚಾರಕಿ ಕೋಮಲ ಕಂಪ್ಯೂಟರ್ ಹಾಕಿ, ಕಪ್ಪುಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತಿರುತ್ತಾರೆ. ಅರಸೀಕೆರೆಯ ಕೊಬ್ಬರಿ ಧಾರಣೆ, ಕರೆಂಟು ಹೋಗುವ ಸಮಯ, ಯಾವುದೋ ಅರ್ಜಿಯ ಕಡೇ ದಿನ, ಎಲ್ಲವೂ ಹಲಗೆಗೇರುತ್ತವೆ.

"ಏನವ್ವ, ಕೊಬ್ಬರಿ ಏನಾಗೈತೆ?" ಎನ್ನುತ್ತ ಒಳಬರುವವರು ಕೆಂಚಯ್ಯ. ದಿನವೂ ಅವರೇ ಮೊದಲ ಓದುಗರು.

ಈ ಸುದ್ದಿಗಳನ್ನೆಲ್ಲ ಕೋಮಲ ಮೊದಲು ಫೋನಿನಲ್ಲಿ ಹುಡುಕುತ್ತಿದ್ದರು. ಫೋನಿನದು ಅದರದೇ ಮರ್ಜಿ. ಕೊಬ್ಬರಿ ಕೇಳಿದರೆ ಸಿನಿಮಾ ನಟಿಯ ಮದುವೆ ತೋರಿಸುತ್ತಿತ್ತು. "ಯಾವುದು ಮುಖ್ಯ ಅಂತ ಆ ಫೋನ್ ಕಂಪನಿಯವ್ರು ಯಾಕ್ರೀ ಹೇಳ್ಬೇಕು? ನಮ್ಮೂರಿಗೇನು ಬೇಕು ಅಂತ ನಂಗೊತ್ತಿಲ್ವಾ?" ಎನ್ನುವ ಅವರ ದನಿಯಲ್ಲಿ ಅಳುಕಿಲ್ಲ. ಅರಸೀಕೆರೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಉಮೇಶ್ ಆಗ ಫೀಡ್ ರೀಡರ್ ವಿಷಯ ಹೇಳಿದರು. ನಾವೇ ಆರಿಸಿದ ಜಾಲತಾಣಗಳ ಹೊಸ ಸುದ್ದಿಯನ್ನು ಬಂದ ಸರದಿಯಲ್ಲೇ ಒಂದು ಪುಟಕ್ಕೆ ತಂದುಹಾಕುವ ತಂತ್ರಾಂಶ ಅದು. ಯಾರ ಹಂಗೂ ಇಲ್ಲದೆ ಗ್ರಂಥಾಲಯದ ಹಳೆಯ ಕಂಪ್ಯೂಟರಿನಲ್ಲೇ ಕೂರಿಸಬಹುದು.

ಆದರೆ ಯಾವುದನ್ನು ಕೂರಿಸುವುದು? ಮೊದಲನೆಯದರ ಭಾರಕ್ಕೆ ಆ ಮುದಿ ಕಂಪ್ಯೂಟರ್ ನಿಂತೇ ಹೋಯಿತು. ಎರಡನೆಯದು ಹಗುರ, ನೋಡಲೂ ಚೆಂದ. ಎಲ್ಲರಿಗೂ ಒಂದೇ ಪುಟ, ಓದಿದ ಸುದ್ದಿ ಮರೆಯಾಗಿ ಪುಟ ಚೊಕ್ಕವಾಗುತ್ತದೆ. ಕೋಮಲ ಅದಕ್ಕೆ ಮನಸೋತರು. ಎಲ್ಲ ಪರದೆಯಲ್ಲೇ ಇದೆಯಲ್ಲ ಎಂದು ಹಲಗೆ ಬರೆಯುವುದನ್ನೂ ಬಿಟ್ಟರು.

ಎಡವಟ್ಟಾಗಿದ್ದು ಅಲ್ಲೇ. ಪಿಯುಸಿ ಮುಗಿಸಿದ್ದ ನಯನಾ ಹಾಸನದ ಹಾಸ್ಟೆಲ್ ಅರ್ಜಿಯ ಪ್ರಕಟಣೆಗಾಗಿ ದಿನವೂ ಬಂದು ನೋಡುತ್ತಿದ್ದಳು. ಹಾಸ್ಟೆಲ್ ಸಿಗದಿದ್ದರೆ ಡಿಗ್ರಿಯ ಮಾತೇ ಬೇಡವೆಂದು ಮನೆಯಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಪುಟ ಮಾತ್ರ ಯಾವಾಗಲೂ ಖಾಲಿ. ಇಷ್ಟು ದಿನ ಸುದ್ದಿಯೇ ಇಲ್ಲದಿರುವುದುಂಟೇ ಎಂದು ಅನುಮಾನಗೊಂಡ ಕೋಮಲ ಒಬ್ಬೊಬ್ಬರನ್ನೇ ವಿಚಾರಿಸಿದರು.

"ನಾನೇ ಕಣವ್ವ, 'ಎಲ್ಲಾ ಓದಾಯ್ತು' ಅಂತ ಐತಲ್ಲ, ಅದನ್ನ ಒತ್ತಿ ಹೋಗ್ತೀನಿ," ಎಂದರು ಕೆಂಚಯ್ಯ. "ಪೇಪರ್ ಓದಿದ್ ಮ್ಯಾಲೆ ಮಡಚಿ ಇಡಬೇಕು ಅಂತ ನೀನೇ ಹೇಳಿಲ್ವಾ?"

ಹೇಳಿದ್ದು ನಿಜ. ಗೋಡೆಯ ಮೇಲೂ ಬರೆದಿದೆ. ಕೋಮಲರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಜ್ಜ ಒಮ್ಮೆ ಒತ್ತಿದ್ದಕ್ಕೇ ಎಲ್ಲರ ಕಣ್ಣಿಗೂ ಮರೆಯಾದದ್ದನ್ನು ಕೆದಕಿದರೆ ಹಾಸ್ಟೆಲ್ ಪ್ರಕಟಣೆ ಸಿಕ್ಕಿತು. ಅಂದೇ ಕಡೇ ದಿನ. ನಯನಾಳನ್ನು ಮನೆಯಿಂದ ಕರೆಸಿ, ಕರೆಂಟು ಹೋಗುವ ಮುಂಚೆ ಅರ್ಜಿ ಕಳಿಸಿದರು. "ಆ ಮಗು ಓದು ನನ್ನಿಂದ ನಿಂತಿದ್ರೆ?" ಎಂದು ಈಗಲೂ ಕೇಳುತ್ತಾರೆ.

ಮೂರನೆಯದನ್ನು ಆರಿಸುವಾಗ ಕೋಮಲ ಕೇಳಿದ್ದು ಒಂದೇ: ಒಬ್ಬೊಬ್ಬರಿಗೂ ಬೇರೆ ಪುಟ ಇರುತ್ತದೆಯೇ? ಉಮೇಶ್ ಮೂಗು ಮುರಿದರು. "ಇದು ನೋಡೋಕೆ ಚೆನ್ನಾಗಿಲ್ಲ, ಮೇಡಂ."

"ಅದಕ್ಕೇನು ಗಂಡು ಹುಡುಕ್ತಿದೀವೇನ್ರೀ? ಹಾಕಿ."

ಹಲಗೆ ಬರೆಯುವುದೂ ಮತ್ತೆ ಶುರುವಾಗಿದೆ. ನಯನಾ ಈಗ ಹಾಸನದ ಹಾಸ್ಟೆಲ್‌ನಲ್ಲಿದ್ದಾಳೆ. ಅವಳ ಹೆಸರಿನ ಪುಟದಲ್ಲಿ ಓದದ ಸುದ್ದಿ ರಾಶಿ ಬಿದ್ದಿದೆ. ಉಮೇಶ್ ಅಳಿಸಿಬಿಡಿ ಎಂದರೂ ಕೋಮಲ ಒಪ್ಪಿಲ್ಲ.

ಕೆಂಚಯ್ಯ ಓದು ಮುಗಿಸಿ, ಎಂದಿನಂತೆ ಗುಂಡಿ ಒತ್ತಿ, ಟವಲ್ಲು ಕೊಡವಿ ಎದ್ದು ಹೋಗುತ್ತಾರೆ. ಕೋಮಲ ಅತ್ತ ನೋಡಿ ನಗುತ್ತಾರೆ.

"ಅಜ್ಜ ಅವರದನ್ನ ಮಡಚಿಡ್ಲಿ ಬಿಡಿ. ನಯನಾದು ಅವಳು ಬರೋವರ್ಗೂ ಹರಡ್ಕೊಂಡೇ ಇರುತ್ತೆ."