ಕಡಲೆಕಾಳಿನಷ್ಟು ತಲೆಯ ಬೊಂಬೆ

ನಮ್ಮ ಮನೆಯ ಗೂಡಿನಲ್ಲೊಂದು ಬೊಂಬೆಯಿದೆ. ಅರಗಿನ ಕೆಂಪು ಸೀರೆ, ತುಂಬಿದ ಮೈ, ಕತ್ತಿನ ಮೇಲೆ ಮಾತ್ರ ಕಡಲೆಕಾಳಿನಷ್ಟು ತಲೆ. ನೋಡಿದವರೆಲ್ಲ ನಗುತ್ತಾರೆ, ನೀವೂ ನಕ್ಕುಬಿಡಿ ಮಹರಾಯರೇ, ನನಗೇನೂ ಬೇಸರವಿಲ್ಲ. ಚನ್ನಪಟ್ಟಣದಲ್ಲಿ ಒಳ್ಳೆಯ ಕೈಯೆಂದು ಹೆಸರಾಗಿದ್ದ ನಮ್ಮಪ್ಪ ಮಾಡಿದ್ದು ಅದು.

ಮೊನ್ನೆ ಪತ್ರಿಕೆಯಲ್ಲಿ ಓದಿದೆ: ಮನುಷ್ಯನ ಮಿದುಳಿನಲ್ಲಿ ಅಲೆಗಳೇಳುತ್ತವಂತೆ, ತಲೆಗೆ ತಂತಿ ಹಚ್ಚಿ ಅವನ್ನು ಕಾಗದದ ಮೇಲೆ ಮೂಡಿಸಬಹುದಂತೆ, ಕಣ್ಣು ಮುಚ್ಚಿ ಸುಮ್ಮನೆ ಕೂತಾಗ ತೂಗಾಡುವ ಅಲೆ, ಕಣ್ಣು ತೆರೆದು ಯಾವುದರಲ್ಲಾದರೂ ಮನಸ್ಸಿಟ್ಟೊಡನೆ ಅಡಗಿಹೋಗುತ್ತದಂತೆ. ಕಣ್ಣೆದುರು ಇರುವುದಕ್ಕೂ ಮನಸ್ಸಿನಲ್ಲಿ ಉಳಿಯುವುದಕ್ಕೂ ನಡುವೆ ಇಷ್ಟೆಲ್ಲ ರಾಮಾಯಣವಿದೆಯೇ ಎಂದು ಬೆರಗಾಗುತ್ತಿದ್ದವನಿಗೆ ಅಪ್ಪನ ತಿರುಗಣೆ ನೆನಪಾಯಿತು.

ಮರ ಕಡೆಯುವ ಆ ತಿರುಗಣೆಗೆ ಸುತ್ತಿದ ಹಗ್ಗವನ್ನು ಎದುರು ಕೂತು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಿದ್ದವಳು ಅವ್ವ. ಅಪ್ಪನ ಕಣ್ಣು ಉಳಿಯ ಮೊನೆ ಬಿಟ್ಟು ಕದಲುತ್ತಿರಲಿಲ್ಲ. ತವರಿನಿಂದ ಬಂದ ಮೂಗುಬೊಟ್ಟು ಇಟ್ಟುಕೊಂಡ ದಿನ ಅವಳು, "ಒಸಿ ಇತ್ಲಾಗ್ ನೋಡಿ" ಎಂದಳು.

"ಉಳಿ ಜಾರ್ತದೆ, ಆಮ್ಯಾಕ್ ನೋಡ್ತೀನಿ, ಎಳಿ" ಎಂದ ಅಪ್ಪ.

ಅದೇ ವಾರ ಪ್ಲೇಗು ಅವಳನ್ನು ಕೊಂಡೊಯ್ದಿತು. ಪಟ ತೆಗೆಸುವ ಅನುಕೂಲ ನಮ್ಮಂಥವರಿಗೆಲ್ಲಿತ್ತು?

ನಾನು ಹಗ್ಗ ಎಳೆಯುವಷ್ಟು ಬೆಳೆದ ಮೇಲೆ ಅಪ್ಪ ಹಾಲೆಮರದಲ್ಲಿ ಅವ್ವನನ್ನು ಕಡೆಯಲು ಕೂತ. ಮೈ ಸರಾಗವಾಗಿ ಬಂತು. ಮುಖ ಬರೆದರೆ ಮಾತ್ರ ದಿನಾ ಮಾರುವ ಬೊಂಬೆಗಳ ಮುಖವೇ ಬಂತು. ಮೂಗುಬೊಟ್ಟಿನ ಹರಳು ಕೆಂಪೋ ಬಿಳಿಯೋ ತಿಳಿಯದೆ ಕುಂಚ ನಿಂತುಬಿಟ್ಟಿತು. ತಪ್ಪಿದ ಬಣ್ಣವನ್ನು ಉಳಿಯಿಂದಲೇ ಹೆರೆಯುವುದು ಕಸುಬಿನ ರೂಢಿ. ಹೆರೆದ, ಬರೆದ, ಮತ್ತೆ ಹೆರೆದ. ತಲೆ ಸಣ್ಣಗಾಗುತ್ತ ಹೋಯಿತು.

"ಏನ್ಲಾ, ನಿಮ್ಮವ್ವನ ಮೊಕ ನಿಂಗಾದ್ರೂ ಗ್ಯಾಪ್ಕ ಐತಾ? ನಂಗೆ ಹಗ್ಗ ಹಿಡ್ದಿದ್ ಕೈಯೇ ಕಾಣ್ತದೆ ಕಣ್ಲಾ, ಮೊಕ ಬತ್ತಾನೇ ಇಲ್ಲ."

ಹಗ್ಗದೊಡನೆ ತೂಗುತ್ತಿದ್ದ ಅವಳ ಬೆನ್ನಿಗೊರಗಿ ನಿದ್ದೆಹೋಗುತ್ತಿದ್ದ ನನಗೆ ನೆನಪಿದ್ದದ್ದು ಆ ಬೆನ್ನೊಂದೇ. ಹಾಗೆಂದೆ.

ಅಪ್ಪ ಉಳಿ ಕೆಳಗಿಟ್ಟ. "ಇನ್ನೊಂದ್ಸಲ ಹೆರುದ್ರೆ ತಲೇನೇ ಇರಾಕಿಲ್ಲ" ಎಂದವನು ಬಿಕ್ಕಿ ಬಿಕ್ಕಿ ಅತ್ತ.

ಪತ್ರಿಕೆ ಮಡಿಸಿಟ್ಟು, ಬೊಂಬೆಯನ್ನು ಕೈಗೆತ್ತಿಕೊಂಡು ಕಣ್ಣು ಮುಚ್ಚಿದೆ. ಅಲೆ ಎದ್ದಿತೋ ಏನೋ, ಆ ಬೆನ್ನು ತೂಗತೊಡಗಿತು. ನನಗರಿವಿಲ್ಲದೆಯೇ ಬಾಯಿಬಿಟ್ಟು ಕೇಳಿದೆ: "ಒಸಿ ಇತ್ಲಾಗ್ ನೋಡವ್ವಾ."

ಅವಳು ತಿರುಗಲಿಲ್ಲ. ಕಣ್ಣು ತೆರೆದಾಗ ಅಂಗೈಯಲ್ಲಿ ಆ ಪುಟ್ಟ ತಲೆ. ಅದರ ಮೇಲೆ ಏನೂ ಬರೆದಿರಲಿಲ್ಲ.